ಗುಟ್ಟಿಗೂ ಬಡ್ಡಿ ಇದೆ: ಸಾಲದ ಮಾತನ್ನು ಮನೆಯಲ್ಲಿ ತೆಗೆಯುವುದು ಹೇಗೆ

ನಮ್ಮ ಕಡೆ ಸಾಲದಲ್ಲಿ ಎರಡು ನಮೂನೆ ಇದೆ. ಒಂದು, ಜಗಲಿಯಲ್ಲಿ ಕವಳ ಹಾಕುತ್ತಾ ಹೇಳುವ ಸಾಲ. ಸೊಸೈಟಿಯ ಬೆಳೆಸಾಲ, ಟಿಲ್ಲರ್ ಸಾಲ, ಮಗನ ಇಂಜಿನಿಯರಿಂಗಿಗೆ ತೆಗೆದ ಸಾಲ. ಇದನ್ನು ಹೇಳಿಕೊಂಡರೆ ಯಾರೂ ಕೀಳಾಗಿ ನೋಡುವುದಿಲ್ಲ. ಇನ್ನೊಂದು, ಅಡುಗೆಮನೆಯಲ್ಲೂ ಹೇಳದ ಸಾಲ. ಪೇಟೆಯಲ್ಲಿ ತಂದ ಕೈಸಾಲ, ಮುಂದಿನ ಫಸಲಿನ ಮೇಲೆ ಅಡಿಕೆ ಮಂಡಿಯಲ್ಲಿ ಎತ್ತಿದ ಅಡ್ವಾನ್ಸು, ತವರಿನವರು ಹಾಕಿದ ಸರ ಅಡ ಇಟ್ಟಿದ್ದು, ಸಂಘದಲ್ಲಿ ಇನ್ನೊಬ್ಬರಿಗಾಗಿ ತೆಗೆದುಕೊಟ್ಟಿದ್ದು, ಮೊಬೈಲ್ ಆ್ಯಪಿನದ್ದು.

ಹೇಳಬಹುದಾದ ಸಾಲಕ್ಕೆ ಬಡ್ಡಿ ಕಡಿಮೆ. ಹೇಳಲಾಗದ ಸಾಲಕ್ಕೆ ಜಾಸ್ತಿ. ಇದು ಸುಮ್ನೆ ಆದದ್ದಲ್ಲ. ಸೊಸೈಟಿಗೆ ಹೋದರೆ ಅಲ್ಲಿ ಡೈರೆಕ್ಟರು ನಮ್ಮ ಭಾವನೋ ದಾಯಾದಿಯೋ ಆಗಿರುತ್ತಾರೆ. ಜಾಮೀನು ಸಹಿಗೆ ಪಕ್ಕದ ಮನೆಯವರನ್ನೇ ಕೇಳಬೇಕು. ಅದಕ್ಕಿಂತ ಶಿವಮೊಗ್ಗಕ್ಕೆ ಬಸ್ಸು ಹತ್ತಿ, ಊರಿನವರ ಗುರುತಿಲ್ಲದವನ ಹತ್ತಿರ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತರುವುದೇ ವಾಸಿ ಅನ್ನಿಸುತ್ತದೆ. ಆ ಮೂರು ರೂಪಾಯಿಯಲ್ಲಿ ಒಂದು ಪಾಲು ದುಡ್ಡಿನ ಬಡ್ಡಿ. ಉಳಿದದ್ದು ಗುಟ್ಟಿನ ಬಡ್ಡಿ.

ನಮ್ಮ ಮನೆಯ ಲೆಕ್ಕವನ್ನೇ ಹೇಳುತ್ತೇನೆ. ನಮ್ಮದು ತೀರ್ಥಹಳ್ಳಿ ಕಡೆ ಒಂದೂವರೆ ಎಕರೆ ಅಡಿಕೆ ತೋಟ. ಒಂದು ವರ್ಷ ಕೊಳೆರೋಗ, ಅದರ ಬೆನ್ನಿಗೇ ಎಲೆಚುಕ್ಕಿ. ಅದೇ ಹೊತ್ತಿಗೆ ಅತ್ತೆಯವರಿಗೆ ಆಪರೇಷನ್ ಆಯಿತು. ನಮ್ಮನೆಯವರು ಎರಡು ಲಕ್ಷ ಕೈಸಾಲ ತಂದಿದ್ದರು. ನನಗೆ ಹೇಳಿದ್ದು ‘ಅಡಿಕೆ ದುಡ್ಡಿತ್ತು’ ಅಂತ. ತಿಂಗಳಿಗೆ 6,000 ರೂಪಾಯಿ ಬಡ್ಡಿಯನ್ನು 26 ತಿಂಗಳು ಕಟ್ಟಿದರು. ಒಟ್ಟು 1,56,000. ಅಸಲು ಹಾಗೇ ನಿಂತಿತ್ತು. ಆ 26 ತಿಂಗಳೂ ನನ್ನ ಬಳೆ, ನೆಕ್ಲೆಸ್ ಬೀರುವಿನಲ್ಲಿದ್ದವು. ಬ್ಯಾಂಕಿನಲ್ಲಿ ಅವುಗಳ ಮೇಲೆ ನಮಗೆ ಸಿಕ್ಕ ದರ ವರ್ಷಕ್ಕೆ ನೂರಕ್ಕೆ 9. ಅಂದರೆ ತಿಂಗಳಿಗೆ 1,500 ರೂಪಾಯಿ, 26 ತಿಂಗಳಿಗೆ 39,000. ಉಳಿದ 1,17,000 ರೂಪಾಯಿ ನಾವು ಕೊಟ್ಟಿದ್ದು ‘ಹೆಂಡತಿ ಒಡವೆ ಅಡ ಇಟ್ಟ’ ಅನ್ನಿಸಿಕೊಳ್ಳಬಾರದು ಎಂಬ ಒಂದೇ ಕಾರಣಕ್ಕೆ.

ನಾನೂ ಗುಟ್ಟು ಇಟ್ಟಿದ್ದೆ. ಅದನ್ನು ಮುಂದೆ ಹೇಳುತ್ತೇನೆ.

ಮಲೆನಾಡಿನಲ್ಲಿ ಈ ನಾಚಿಕೆಗೆ ಇನ್ನೊಂದು ಕಾರಣವಿದೆ. ಇಲ್ಲಿ ಮನೆಗಳು ಒಂಟಿ. ಗುಡ್ಡದ ಆಚೆಗೊಂದು, ಈಚೆಗೊಂದು. ಪಕ್ಕದ ಮನೆಗೆ ಬಡ್ಡಿಯವನ ಬೈಕು ಬಂದದ್ದು ನಮಗೆ ಕಾಣುವುದಿಲ್ಲ. ಮದುವೆಮನೆಯಲ್ಲಿ ಸಿಕ್ಕಾಗ ಎಲ್ಲರೂ ಇಸ್ತ್ರಿ ಅಂಗಿಯಲ್ಲಿ ಇರುತ್ತಾರೆ. ಹಾಗಾಗಿ ಪ್ರತಿ ಮನೆಗೂ ತಾನೊಬ್ಬನೇ ಮುಳುಗಿದ್ದೇನೆ ಎಂದು ಅನ್ನಿಸುತ್ತದೆ. ಮಗಳಿಗೆ ಗಂಡು ನೋಡುವಾಗ ‘ಆ ಮನೆ ಸಾಲದಲ್ಲಿದೆ’ ಎಂಬ ಮಾತು ಬಂದರೆ ಏನು ಗತಿ ಎನ್ನುವ ಭಯ ಬೇರೆ. ಈ ಭಯ ಸುಳ್ಳಲ್ಲ. ಆದರೆ ಅದಕ್ಕೆ ಎಷ್ಟು ಬೆಲೆ ಕೊಡುತ್ತಿದ್ದೇವೆ ಎಂದು ಒಮ್ಮೆ ಲೆಕ್ಕ ಹಾಕಬೇಕು. ಮೊದಲ ಹೆಜ್ಜೆ ಅದೇ.

ಮೊದಲು ಒಬ್ಬರೇ ಕೂತು ಬರೆಯಿರಿ

ಯಾರಿಗಾದರೂ ಹೇಳುವ ಮುಂಚೆ ನಿಮಗೇ ಪೂರ್ತಿ ಗೊತ್ತಿರಬೇಕು. ಸಾಲ ಇರುವವರಿಗೆ ಒಟ್ಟು ಎಷ್ಟು ಅಂತ ಗೊತ್ತಿರುತ್ತದೆ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಇಲ್ಲ. ಕೂಡಿಸಲು ಕೈ ಬರುವುದಿಲ್ಲ. ನಮ್ಮನೆಯವರೂ ಕೂಡಿಸಿರಲಿಲ್ಲ.

ಮಕ್ಕಳ ಹಳೇ ನೋಟ್‌ಬುಕ್ ಸಾಕು. ಒಂದೊಂದು ಸಾಲಕ್ಕೆ ಒಂದೊಂದು ಪುಟ. ಯಾರಿಂದ, ಯಾವಾಗ, ಅಸಲು ಎಷ್ಟು, ಇಲ್ಲಿವರೆಗೆ ಕಟ್ಟಿದ್ದೆಷ್ಟು. ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತನ್ನಿ. ‘ನೂರಕ್ಕೆ ಎರಡು’ ಅಂದರೆ ವರ್ಷಕ್ಕೆ 24. ‘ಮೂರು’ ಅಂದರೆ 36. ತಿಂಗಳ ಲೆಕ್ಕದಲ್ಲಿ ಕೇಳಿದಾಗ ಸಣ್ಣದಾಗಿ ಕಾಣುತ್ತದೆ, ಅದಕ್ಕೇ ಹಾಗೆ ಹೇಳುವುದು. ಕೈಯಲ್ಲಿ ಏನು ಕೊಟ್ಟಿದ್ದೀರಿ ಎಂಬುದನ್ನೂ ಬರೆಯಿರಿ: ಸಹಿ ಮಾಡಿದ ಖಾಲಿ ಚೆಕ್ಕು, ಕೇಳಿದಾಗ ಕೊಡುತ್ತೇನೆಂದು ಸಹಿ ಹಾಕಿದ ಆನ್ ಡಿಮ್ಯಾಂಡ್ ನೋಟು, ಛಾಪಾ ಕಾಗದ, ಆಸ್ತಿಪತ್ರ, ಒಡವೆ. ಜಾಮೀನು ಯಾರು? ಮಾರ್ಚಿನಲ್ಲಿ ಸೊಸೈಟಿ ಸಾಲ ಕಟ್ಟಿ ತಿರುಗಿ ಎತ್ತಲು ನಾಲ್ಕು ದಿನಕ್ಕೆಂದು ತಂದು ಹಾಗೇ ಉಳಿದ ಕೈಗಡವನ್ನೂ ಬಿಡಬೇಡಿ. ಚೀಟಿ ಎತ್ತಿದ್ದರೆ ಇನ್ನೂ ಕಟ್ಟಬೇಕಾದ ಕಂತುಗಳೂ ಸಾಲವೇ.

ಕೊನೆಗೆ ಒಂದು ಸಾಲು ಸೇರಿಸಿ: ‘ಇದು ಯಾರಿಗೆ ಗೊತ್ತು?’

ಈ ಸಾಲನ್ನು ತುಂಬುವಾಗ ಕೈ ನಿಲ್ಲುತ್ತದೆ. ಬಡ್ಡಿಯವನಿಗೆ ಗೊತ್ತು, ಅವನ ಗುಮಾಸ್ತನಿಗೆ ಗೊತ್ತು, ಪರಿಚಯ ಮಾಡಿಕೊಟ್ಟವನಿಗೆ ಗೊತ್ತು, ಮಂಡಿಯಲ್ಲಿ ಲೆಕ್ಕ ಬರೆಯುವವನಿಗೆ ಗೊತ್ತು. ಸೊಸೈಟಿ ಸಾಲವಂತೂ ಪಹಣಿಯ 11ನೇ ಕಾಲಂನಲ್ಲಿ ಋಣ ಅಂತ ಕೂತಿರುತ್ತದೆ. ಸರ್ವೆ ನಂಬರ್ ಗೊತ್ತಿದ್ದ ಯಾರು ಬೇಕಾದರೂ ಸರ್ಕಾರದ ‘ಭೂಮಿ’ ವೆಬ್‌ಸೈಟಿನಲ್ಲಿ ನೋಡಬಹುದು. ಗೊತ್ತಿಲ್ಲದವರು ಹೆಂಡತಿ, ಅಪ್ಪಯ್ಯ, ಬೆಳೆದ ಮಗ. ಅಂದರೆ ನಮ್ಮ ಜೊತೆ ನಿಲ್ಲಬಹುದಾದವರು ಮಾತ್ರ.

ಬ್ಯಾಂಕು, ಫೈನಾನ್ಸುಗಳ ಸಾಲದಲ್ಲಿ ಮರೆತದ್ದು ಇದೆಯೇ ಎಂದು ನೋಡಲು ಸಿಬಿಲ್ ವರದಿ, ಅಂದರೆ ನಿಮ್ಮ ಸಾಲಗಳ ದಾಖಲೆ, ತೆಗೆಯಿರಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಂದು ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ನೀವು ಜಾಮೀನು ಹಾಕಿದ ಸಾಲವೂ ಅದರಲ್ಲಿ ಸಿಗಬಹುದು.

ಮೊದಲು ಯಾರಿಗೆ ಹೇಳಬೇಕು, ಯಾವಾಗ

ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ. ಸಾಮಾನ್ಯವಾಗಿ ಇದೇ ಸರಿ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಾತ್ರ ಮೊದಲು ಅಣ್ಣಯ್ಯನಿಗೋ ಅಕ್ಕನಿಗೋ ನಂಬಿಕೆಯ ಗೆಳತಿಗೋ ಹೇಳಿ, ಅವರನ್ನು ಜೊತೆಗಿಟ್ಟುಕೊಂಡು ಮಾತಾಡಿ.

ಹೊತ್ತು ನೋಡಿ ಹೇಳಿ. ಬಡ್ಡಿಯವನು ಬಂದು ಹೋದ ಸಂಜೆ ಬೇಡ. ನೆಂಟರು ತುಂಬಿದ ಹಬ್ಬದ ದಿನ ಬೇಡ. ಮಲಗುವ ಹೊತ್ತಿಗಂತೂ ಬೇಡವೇ ಬೇಡ, ಇಬ್ಬರಿಗೂ ನಿದ್ದೆ ಬರುವುದಿಲ್ಲ. ತೋಟಕ್ಕೆ ಹೋಗುವಾಗ, ಬಸಿಗಾಲುವೆ ಪಕ್ಕ ಹಿಂದೆ ಮುಂದೆ ನಡೆಯುವಾಗ ಹೇಳುವುದು ಸುಲಭ. ಮುಖ ನೋಡಬೇಕಾಗಿಲ್ಲ ಅಲ್ವಾ. ಅಡಿಕೆ ಸುಲಿಯುವಾಗ ಕೈಗೆ ಕೆಲಸ ಇರುತ್ತದೆ, ಆದರೆ ಅಲ್ಲಿ ನಾಲ್ಕು ಜನ ಇರುತ್ತಾರೆ. ನಮ್ಮನೆಯವರು ಹೇಳಿದ್ದು ಬಚ್ಚಲು ಒಲೆಯ ಮುಂದೆ. ಪುಷ್ಯ ಮಳೆ, ಮೂರು ದಿನದಿಂದ ಕರೆಂಟಿರಲಿಲ್ಲ. ಒಲೆಗೆ ಅಡಿಕೆ ಸಿಪ್ಪೆ ಒಡ್ಡುತ್ತಾ ಹೇಳಿದರು, ‘ಮಾರಾಯ್ತಿ, ಒಂದು ಎರಡು ಲಕ್ಷದ ವಿಷಯ ಇದೆ.’

ಅವರಿಗೆ ಗೊತ್ತಿಲ್ಲದೆಯೇ ಒಂದು ಒಳ್ಳೆ ಕೆಲಸ ಮಾಡಿದ್ದರು. ಮೊತ್ತವನ್ನು ಮೊದಲೇ ಹೇಳಿದ್ದರು. ‘ಸ್ವಲ್ಪ ತೊಂದರೆ ಆಗಿದೆ’ ಎಂದು ಶುರು ಮಾಡಿದರೆ ಕೇಳುವವರ ಎದೆ ಹತ್ತು ಲಕ್ಷದವರೆಗೂ ಓಡುತ್ತದೆ. ಹೀಗೆ ಹೇಳಬಹುದು: ‘ಸಾಲ ಮಾಡಿದೀನಿ. ಒಟ್ಟು ಇಷ್ಟು. ನಿಂಗೆ ಹೇಳದೆ ಇದ್ದಿದ್ದು ನನ್ನ ತಪ್ಪು. ಪೂರ್ತಿ ಬರ್ದಿಟ್ಟಿದೀನಿ, ನೋಡು. ಈಗಲೇ ಏನೂ ತೀರ್ಮಾನ ಮಾಡೋದು ಬೇಡ.’ ಇಷ್ಟೇ. ಕಾರಣಗಳನ್ನು ಆಮೇಲೆ ಹೇಳಿ. ಮೊದಲೇ ಕಾರಣ ಹೇಳಿದರೆ ಅದು ಸಬೂಬಿನ ಹಾಗೆ ಕೇಳಿಸುತ್ತದೆ.

ಅರ್ಧ ಹೇಳಬೇಡಿ. ಇದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ಎರಡು ಲಕ್ಷ ಇದ್ದಾಗ ‘ಎಪ್ಪತ್ತು ಸಾವಿರ’ ಅಂದು ನೋಡೋಣ, ಹೇಗೆ ತಗೋತಾರೆ ಅಂತ ಅಂದುಕೊಳ್ಳುವವರು ಬಹಳ ಜನ. ಉಳಿದದ್ದು ಒಂದು ದಿನ ಹೊರಬರುತ್ತದೆ. ಆಗ ಮುರಿಯುವುದು ನಂಬಿಕೆ. ಮೊದಲ ಸಲ ಕ್ಷಮಿಸಿದವರಿಗೆ ಎರಡನೇ ಸಲ ಕ್ಷಮಿಸುವುದು ಕಷ್ಟ.

ಕೇಳಿಸಿಕೊಳ್ಳುವವರಿಗೆ

ಈ ಭಾಗವನ್ನು ನನ್ನ ತಪ್ಪಿನಿಂದಲೇ ಬರೆಯುತ್ತಿದ್ದೇನೆ.

ಆ ಸಂಜೆ ನಾನು ಒಳ್ಳೆಯ ಮಾತಾಡಲಿಲ್ಲ. ‘ನಂಗೆ ಮೊದಲೇ ಡೌಟಿತ್ತು’ ಅಂದೆ. ‘ಇಷ್ಟು ದಿನ ನನ್ನ ಹೊರಗಿನವಳು ಮಾಡಿದ್ರಲ್ಲ’ ಅಂದೆ. ಅವರು ಏನೂ ಹೇಳದೆ ಬೆಂಕಿ ಕೆದಕುತ್ತಾ ಕೂತಿದ್ದರು. ಆದರೆ ಅದೇ ಹೊತ್ತಿಗೆ ನನ್ನ ಎರಡೆಳೆ ಸರ ಪೇಟೆಯ ಒಂದು ಗಿರವಿ ಅಂಗಡಿಯಲ್ಲಿತ್ತು. ನನ್ನ ತಮ್ಮ ಮನೆ ಕಟ್ಟುವಾಗ ದುಡ್ಡು ಸಾಲದೆ ಅತ್ತಿದ್ದ. 50,000ಕ್ಕೆ ಅಡ ಇಟ್ಟು ಕೊಟ್ಟಿದ್ದೆ. ನೂರಕ್ಕೆ ಎರಡು ರೂಪಾಯಿಯಂತೆ ತಿಂಗಳಿಗೆ 1,000 ರೂಪಾಯಿ ಬಡ್ಡಿ. ಡೈರಿಗೆ ಹಾಕಿದ ಹಾಲಿನ ದುಡ್ಡಿನಲ್ಲಿ ಕಟ್ಟುತ್ತಿದ್ದೆ. ‘ತವರಿಗೆ ಸುರಿದಳು’ ಎಂದಾರು ಎಂಬ ಭಯಕ್ಕೆ ಬಾಯಿ ಬಿಟ್ಟಿರಲಿಲ್ಲ. ಗಂಡನಿಗೆ ಬೈದು ಒಂಬತ್ತು ದಿನ ಆ ಗುಟ್ಟನ್ನು ಹಾಗೇ ಇಟ್ಟುಕೊಂಡೆ. ಆ ಒಂಬತ್ತು ದಿನ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಸಾಲಕ್ಕೆ ಅಲ್ಲ, ಆ ಬೈಗುಳಕ್ಕೆ.

ಹತ್ತನೇ ದಿನ ಹೇಳಿದಾಗ ಅವರು ಕೇಳಿದ್ದು ಒಂದೇ: ‘ಸರ ಹರಾಜಿಗೆ ಹೋಗ್ಲಿಲ್ಲ ತಾನೆ?’

ಕೇಳುವವರು ಮಾಡಬೇಕಾದ್ದು ಅಷ್ಟೇ. ಈಗ ಬೇಕಾದ್ದನ್ನು ಕೇಳಿ. ಯಾರಾದರೂ ಹೆದರಿಸುತ್ತಿದ್ದಾರಾ? ಈ ತಿಂಗಳು ಕಟ್ಟಬೇಕಾದ್ದು ಎಷ್ಟು? ಇನ್ನೂ ಏನಾದರೂ ಉಳಿದಿದೆಯಾ, ಇದ್ದರೆ ಈಗಲೇ ಹೇಳಿ, ನಾನು ಸಿಟ್ಟಾಗುವುದಿಲ್ಲ. ಈ ಕೊನೆಯ ಮಾತನ್ನು ಹೇಳಿದ ಮೇಲೆ ಸಿಟ್ಟಾಗಬಾರದು. ಸಿಟ್ಟು ಬರುವುದು ಸಹಜ. ಎರಡು ದಿನ ಬಿಟ್ಟು ಅದನ್ನೂ ಹೇಳಿಕೊಳ್ಳಬಹುದು. ಮೊದಲ ದಿನ ಬೇಡ. ‘ನಿಮ್ಮ ತಮ್ಮಂಗೆ ಕೊಟ್ಟಿದ್ದಲ್ವಾ’ ಎಂಬ ಮಾತು ಯಾವ ದಿನವೂ ಬೇಡ.

ಮನೆಯ ಹಿರಿಯರು, ಮಕ್ಕಳು

ಜಮೀನು ಹಿರಿಯರ ಹೆಸರಲ್ಲಿದ್ದರೆ ಅವರಿಗೆ ಹೇಳಲೇಬೇಕು. ಸಹಿ ಅವರದ್ದೇ ಬೇಕಾಗುತ್ತದೆ. ‘ಈ ವಯಸ್ಸಲ್ಲಿ ಯಾಕೆ ತಲೆಬಿಸಿ’ ಎಂದು ಮುಚ್ಚಿಡುತ್ತೇವೆ. ಆದರೆ ಸಾಲ ಕಂಡವರು ಅವರೇ ಜಾಸ್ತಿ. ನಮ್ಮ ಮಾವನವರಿಗೆ ಹೇಳಿದಾಗ ತಮ್ಮ ಕಾಲದಲ್ಲಿ ಮಂಡಿಗೆ ಎರಡು ವರ್ಷದ ಫಸಲು ಮೊದಲೇ ಬರೆದುಕೊಟ್ಟಿದ್ದನ್ನು ಹೇಳಿದರು. ಅದು ಅವರ ಮಗನಿಗೇ ಗೊತ್ತಿರಲಿಲ್ಲ.

ಅಪ್ಪಂದಿರು ಸಾಲ ಮುಚ್ಚಿಡಲು ಇನ್ನೊಂದು ಕಾರಣ, ಅದು ಮಗನ ತಲೆಗೆ ಬರುತ್ತದೆ ಎಂಬ ನಂಬಿಕೆ. ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಎಂಬ ಕಾರಣವನ್ನೇ ಮುಂದಿಟ್ಟು ಮಗನ ಮೇಲೆ ವಸೂಲಿಗೆ ಹೋಗುವಂತಿಲ್ಲ ಎಂದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಆ ಕಾಯ್ದೆ ಬಂದ ಮೇಲಿನ ಸಾಲಗಳಿಗೆ ಇದು ಅನ್ವಯ. ಅಪ್ಪ ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಸಾಲ ಹಿಂಬಾಲಿಸುತ್ತದೆ. ಮಗ ತಾನೇ ಸಹಿ ಹಾಕಿದ್ದರೆ ಅಥವಾ ಜಾಮೀನು ನಿಂತಿದ್ದರೆ ಮಾತು ಬೇರೆ.

ಮಕ್ಕಳಿಗೆ ಅವರ ವಯಸ್ಸಿಗೆ ತಕ್ಕಷ್ಟು ಹೇಳಿ. ಹೈಸ್ಕೂಲಿನ ಹುಡುಗಿಗೆ ‘ಈ ವರ್ಷ ಖರ್ಚು ಬಿಗಿ, ನಿನ್ನ ಓದಿಗೆ ತೊಂದರೆ ಇಲ್ಲ’ ಎಂದರೆ ಸಾಕು. ಏನೂ ಹೇಳದಿದ್ದರೆ ಮಕ್ಕಳು ಗೋಡೆಯಾಚೆಯಿಂದ ಕೇಳಿದ್ದನ್ನು ಸೇರಿಸಿ ದೊಡ್ಡದು ಮಾಡಿಕೊಳ್ಳುತ್ತವೆ.

ಜಾಮೀನು ನಿಂತವರಿಗೆ

‘ಸಾಲಗಾರ ಸುಮ್ಮನಿದ್ದರೂ ಸಾಕ್ಷಿಗಾರ ಸುಮ್ಮನಿರ’ ಎನ್ನುವ ಗಾದೆ ಇದೆ. ಸುಮ್ಮನಿರಲು ಕಾನೂನೂ ಬಿಡುವುದಿಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ ಜಾಮೀನುದಾರ ಸಾಲಗಾರನಷ್ಟೇ ಹೊಣೆ. ಬ್ಯಾಂಕು ನೇರ ಅವರ ಬಾಗಿಲಿಗೇ ಹೋಗಬಹುದು. ಆದ್ದರಿಂದ ಕಂತು ತಪ್ಪುತ್ತದೆ ಎಂದು ಗೊತ್ತಾದ ಕೂಡಲೇ, ನೋಟೀಸು ಹೋಗುವ ಮುಂಚೆ, ಅವರ ಮನೆಗೆ ಹೋಗಿ ಹೇಳಿ. ಫೋನಿನಲ್ಲಿ ಬೇಡ. ಊರಿನಲ್ಲಿ ಮರ್ಯಾದೆ ಹೋಗುವುದು ಸಾಲ ಮಾಡಿದ್ದಕ್ಕಲ್ಲ, ಸಹಿ ಹಾಕಿದ ಮನುಷ್ಯನಿಗೆ ಅಂಚೆಯವನ ಕೈಯಿಂದ ಗೊತ್ತಾದಾಗ.

ಸಾಲ ಕೊಟ್ಟವರ ಹತ್ತಿರ ನೀವೇ ಹೋಗಿ

ಮನೆಯಲ್ಲಿ ಹೇಳಿದ ಮೇಲೆ ಇದು ಅಷ್ಟು ಕಷ್ಟವಲ್ಲ. ಇಬ್ಬರೂ ಹೋಗಿ.

ಸೊಸೈಟಿಯಲ್ಲಿ ಕಾರ್ಯದರ್ಶಿಯ ಹತ್ತಿರ ಕೂತು ಮಾತಾಡಿ. ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ 5 ಲಕ್ಷದವರೆಗಿನ ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿ ಇಲ್ಲ. ಆದರೆ ಗಡುವಿನೊಳಗೆ ಕಟ್ಟಬೇಕು. ಗಡುವು ತಪ್ಪಿದರೆ ಆ ಅನುಕೂಲ ಹೋಗುತ್ತದೆ. ನಾಚಿಕೆಯಿಂದ ಸೊಸೈಟಿ ಕಡೆ ತಲೆಹಾಕದೆ ಗಡುವು ಕಳೆದುಕೊಂಡವರನ್ನು ನಾನೇ ನೋಡಿದ್ದೇನೆ. ಎಷ್ಟು ಅನ್ಯಾಯ! ನೂರಕ್ಕೆ ಮೂರು ರೂಪಾಯಿಯವನಿಗೆ ತಿಂಗಳು ತಿಂಗಳು ಸರಿಯಾಗಿ ಕಟ್ಟಿ, ಬಡ್ಡಿ ಇಲ್ಲದ ಸಾಲದಲ್ಲಿ ಸುಸ್ತಿದಾರರಾಗುವುದು.

ಬ್ಯಾಂಕಿನಲ್ಲಿ ಮ್ಯಾನೇಜರಿಗೆ ಬಾಯಲ್ಲಿ ಹೇಳಿ ಬರಬೇಡಿ. ಅರ್ಜಿ ಬರೆಯಿರಿ. ಕೊಳೆಯಲ್ಲಿ ಎಷ್ಟು ಫಸಲು ಹೋಯಿತು, ಮುಂದಿನ ಅಡಿಕೆ ಕೊಯ್ಲು ಯಾವಾಗ, ಅಲ್ಲಿವರೆಗೆ ಎಷ್ಟು ಕಟ್ಟಬಲ್ಲಿರಿ, ಅವಧಿ ಎಷ್ಟು ಹೆಚ್ಚಿಸಿ ಕೊಡಬೇಕು. ಫೋಟೊ ಇದ್ದರೆ ಲಗತ್ತಿಸಿ. ಒಂದು ಪ್ರತಿಯ ಮೇಲೆ ಸೀಲು ಹಾಕಿಸಿ ಇಟ್ಟುಕೊಳ್ಳಿ. ಅಡಿಕೆಗೆ ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟಿದ್ದರೆ ಅದರ ದುಡ್ಡು ಬಂದಿದೆಯಾ, ಯಾವ ಖಾತೆಗೆ ಬಂದಿದೆ ಎಂದೂ ಅಲ್ಲೇ ಕೇಳಿ.

ಮಂಡಿಯಲ್ಲಿ ಹಳೇ ಲೆಕ್ಕವನ್ನು ಬರಹದಲ್ಲಿ ಕೇಳಿ. ನಮ್ಮ ಹಿರಿಯರಿಗೆ ಮಂಡಿಯವರ ಜೊತೆ ಮನೆಯವರ ಹಾಗೆ ಬಳಕೆ. ಲೆಕ್ಕ ಕೇಳಿದರೆ ಅಪನಂಬಿಕೆ ತೋರಿಸಿದ ಹಾಗೆ ಅನ್ನಿಸುತ್ತದೆ. ‘ಅಣ್ಣ, ನಾವಿಬ್ಬರೂ ಮನೆಯಲ್ಲಿ ಬರೆದಿಡ್ತಾ ಇದೀವಿ, ಒಂದು ಚೀಟಿ ಮಾಡಿಕೊಡಿ’ ಅಂದರೆ ಯಾರಿಗೂ ಬೇಸರವಾಗುವುದಿಲ್ಲ. ಎಷ್ಟು ಅಡ್ವಾನ್ಸು, ಯಾವ ಧಾರಣೆಗೆ ಎಷ್ಟು ರಾಶಿ ಇಡಿ ಅಡಿಕೆ, ಎಷ್ಟು ಬೆಟ್ಟೆ ಅಡಿಕೆ ಮುರಿದುಕೊಂಡರು ಎಂಬುದು ಅದರಲ್ಲಿ ಇರಲಿ. ಮಂಡಿಗೇ ಹಾಕಬೇಕು ಎಂಬ ಕಟ್ಟುಪಾಡು ತೀರಿದರೆ ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್ಕೋಸಿನ ಧಾರಣೆಯನ್ನೂ ಹೋಲಿಸಿ ನೋಡಲು ನಿಮಗೆ ಕೈ ಬಿಡುವಾಗುತ್ತದೆ.

ಕೈಸಾಲದವರ ಹತ್ತಿರ ಹೋಗುವಾಗ ಒಬ್ಬರು ಸಾಕ್ಷಿ ಜೊತೆಗಿರಲಿ. ಅಸಲು ಎಷ್ಟು ಉಳಿಯಿತು ಎಂದು ಬರೆಸಿಕೊಳ್ಳಿ. ಇನ್ನು ಮುಂದೆ ದುಡ್ಡನ್ನು ಬ್ಯಾಂಕ್ ಖಾತೆಯಿಂದ ಅಥವಾ ಫೋನ್‌ಪೇಯಲ್ಲೇ ಕೊಡಿ, ಗುರುತು ಉಳಿಯುತ್ತದೆ. ಬಡ್ಡಿ ವ್ಯವಹಾರಕ್ಕೆ 1961ರ ಕರ್ನಾಟಕ ಲೇವಾದೇವಿ ಕಾಯ್ದೆಯಡಿ ಲೈಸೆನ್ಸು ಬೇಕು. ಮಿತಿಮೀರಿದ ಬಡ್ಡಿಯನ್ನು ತಡೆಯಲೆಂದೇ 2004ರ ಇನ್ನೊಂದು ಕಾಯ್ದೆ ಇದೆ. ಇದನ್ನು ಹೇಳಿ ಜಗಳಕ್ಕೆ ನಿಲ್ಲಬೇಕಾಗಿಲ್ಲ, ಗೊತ್ತಿರಲಿ. ಚೆಕ್ಕು ಬೌನ್ಸ್ ಆದ ನೋಟೀಸು ಬಂದರೆ ಮಾತ್ರ ಒಂದು ದಿನವೂ ಮುಚ್ಚಿಡಬೇಡಿ. ನೋಟೀಸು ಕೈಸೇರಿದ 15 ದಿನದೊಳಗೆ ದುಡ್ಡು ಕಟ್ಟದಿದ್ದರೆ ಕ್ರಿಮಿನಲ್ ಕೇಸು ಹಾಕಲು ಅವರಿಗೆ ದಾರಿಯಾಗುತ್ತದೆ.

ವಕೀಲರ ಫೀಸಿಗೆ ಹೆದರಿ ಸುಮ್ಮನಾಗಬೇಡಿ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ, ಶಿವಮೊಗ್ಗದಲ್ಲಿ ಜಿಲ್ಲಾ ಪ್ರಾಧಿಕಾರ ಇದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ಸಹಾಯವಾಣಿ 15100. ಲೋಕ ಅದಾಲತ್ತಿನಲ್ಲಿ ರಾಜಿಗೂ ಅವಕಾಶ ಇದೆ.

ನಾಚಿಕೆಯನ್ನೇ ವಸೂಲಿಗೆ ಬಳಸುವವರು

ಹೆಂಗಸರ ಸಂಘಕ್ಕೆ ಮೈಕ್ರೋಫೈನಾನ್ಸಿನವರು ಕೊಡುವ ಸಾಲದಲ್ಲಿ ನಾನು ಕಂಡದ್ದು ಇದು. ಕಂತು ತರಲಾಗದ ಹೆಂಗಸನ್ನು ಸಂಜೆವರೆಗೂ ಅಲ್ಲೇ ಕೂರಿಸುವುದು. ಉಳಿದವರನ್ನೂ ಮನೆಗೆ ಬಿಡದೆ, ಅವರ ಬಾಯಿಂದಲೇ ಬೈಸುವುದು. ಅವಳು ಮಾರನೇ ವಾರ ಇನ್ನೊಂದು ಕಡೆ ಸಾಲ ಮಾಡಿ ತರುತ್ತಾಳೆ. ಯಾರಿಗೂ ಹೇಳುವುದಿಲ್ಲ.

ರಿಸರ್ವ್ ಬ್ಯಾಂಕಿನ 2022ರ ಮೈಕ್ರೋಫೈನಾನ್ಸ್ ನಿಯಮ ಇದನ್ನು ಒಪ್ಪುವುದಿಲ್ಲ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಕರೆ ಮಾಡುವಂತಿಲ್ಲ. ಬೈಯುವಂತಿಲ್ಲ, ನೆಂಟರು ಸ್ನೇಹಿತರನ್ನು ಕಾಡುವಂತಿಲ್ಲ, ಸಾಲಗಾರರ ಹೆಸರನ್ನು ಪ್ರಕಟಿಸುವಂತಿಲ್ಲ. ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತೆ ಸಾಲ ಕೊಡುವಂತೆಯೂ ಇಲ್ಲ. ಬೇರೆ ಬ್ಯಾಂಕ್, ಫೈನಾನ್ಸ್ ಸಾಲದ ವಸೂಲಿಯವರಿಗೆ ಬೆಳಿಗ್ಗೆ 8ರಿಂದ ಸಂಜೆ 7ರ ಮಿತಿ. ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು. ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ.

ಬ್ಯಾಂಕು, ಫೈನಾನ್ಸಿನ ಮೇಲೆ ದೂರಿದ್ದರೆ ಮೊದಲು ಅವರಿಗೇ ಬರೆದು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ (ಒಂಬುಡ್ಸ್‌ಮನ್) ದೂರು ಕೊಡಬಹುದು. ವಿಚಾರಿಸಲು 14448ಕ್ಕೆ ಕರೆ ಮಾಡಿ. ಸೊಸೈಟಿಯ ದೂರಿಗೆ ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿ. ಆ್ಯಪಿನವರು ಫೋಟೊ ತಿರುಚಿ ನಿಮ್ಮ ಫೋನಿನಲ್ಲಿರುವ ಎಲ್ಲರಿಗೂ ಕಳಿಸುತ್ತೇವೆ ಎಂದರೆ ಕೂಡಲೇ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಅವರು ಕಳಿಸುವ ಮುಂಚೆ ನೀವೇ ಮನೆಯವರಿಗೆ, ನಾಲ್ಕು ಗೆಳೆಯರಿಗೆ ‘ಹೀಗೊಂದು ಬರಬಹುದು, ನಂಬಬೇಡಿ’ ಎಂದು ಹೇಳಿಬಿಡಿ. ನೀವೇ ಹೇಳಿದ ಮೇಲೆ ಅವರ ಬೆದರಿಕೆಗೆ ಬಲ ಉಳಿಯುವುದಿಲ್ಲ.

ಊರವರಿಗೆ ಎಷ್ಟು ಹೇಳಬೇಕು

ಬಹಳ ಹೇಳಬೇಕಾಗಿಲ್ಲ. ಮನೆಯಲ್ಲಿ ಹೇಳುವುದು ಬೇರೆ, ಸಮಾರಾಧನೆಯ ಪಂಕ್ತಿಯಲ್ಲಿ ಹೇಳುವುದು ಬೇರೆ. ಯಾರಾದರೂ ಕೆದಕಿದರೆ ಇಬ್ಬರೂ ಒಂದೇ ಮಾತು ಹೇಳಿ: ‘ಹೌದು, ಸಾಲ ಇದೆ. ಕಟ್ತಾ ಇದೀವಿ.’ ಅಲ್ಲಿಗೆ ನಿಲ್ಲಿಸಿ. ‘ಇಲ್ಲಪ್ಪ, ಯಾರು ಹೇಳಿದ್ದು’ ಎಂದರೆ ಮಾತು ಬೆಳೆಯುತ್ತದೆ. ಹೌದು ಎಂದರೆ ಮುಂದೆ ಕೇಳಲು ಏನೂ ಇರುವುದಿಲ್ಲ.

ಒಬ್ಬರು ಹೀಗೆ ಹೇಳಿದರೆ ಇನ್ನೊಬ್ಬರಿಗೆ ಬಾಯಿ ಬರುತ್ತದೆ. ನಾನು ಹಾಲು ಹಾಕುವಲ್ಲಿ ಒಮ್ಮೆ ಹೇಳಿದ್ದಕ್ಕೆ, ವಾರದೊಳಗೆ ಇಬ್ಬರು ಹೆಂಗಸರು ದಾರಿಯಲ್ಲಿ ನಿಲ್ಲಿಸಿ ಬ್ಯಾಂಕಿನ ಚಿನ್ನದ ಸಾಲದ ದರ ಕೇಳಿದರು. ತಮ್ಮ ಸಾಲದ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನೂ ಕೇಳಲಿಲ್ಲ. ಪಾಸ್‌ಬುಕ್, ಆಧಾರ್, ಫೋಟೊ ತಗೊಂಡು ಹೋಗಿ ಅಂದೆ.

ಮನಸ್ಸು ಕುಸಿದಿದ್ದರೆ

ಇದು ಎಲ್ಲಕ್ಕಿಂತ ಮುಖ್ಯ. ಮನೆಯಲ್ಲಿ ಯಾರಾದರೂ ಊಟ ಬಿಟ್ಟು, ಮಾತು ಬಿಟ್ಟು, ‘ನಾನಿಲ್ಲದಿದ್ರೆ ನಿಮಗೆ ಆರಾಮ’ ಎನ್ನುವಂತಾದರೆ ಲೆಕ್ಕದ ಪುಸ್ತಕ ಪಕ್ಕಕ್ಕಿಡಿ. ನೇರವಾಗಿ ಕೇಳಿ: ‘ಸಾಯೋ ಯೋಚನೆ ಬರ್ತಿದ್ಯಾ?’ ಕೇಳಿದರೆ ಆ ಯೋಚನೆ ಬಂದುಬಿಡುತ್ತದೆ ಎಂಬುದು ತಪ್ಪು ತಿಳುವಳಿಕೆ. ಅವರನ್ನು ಒಂಟಿಯಾಗಿ ಬಿಡಬೇಡಿ. ತೋಟದ ಔಷಧಿಗಳಿಗೆ ಬೀಗ ಹಾಕಿ ಕೀಲಿ ಬೇರೆಯವರ ಕೈಲಿಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಇದನ್ನು ನೀವೇ ಓದುತ್ತಾ ಇದು ನನ್ನದೇ ವಿಷಯ ಅನ್ನಿಸಿದ್ದರೆ, ಮುಂದೆ ಓದುವುದು ಬೇಡ. ಮೊದಲು ಕರೆ ಮಾಡಿ.

ತಿಂಗಳಿಗೊಮ್ಮೆ ಕೂರುವುದು, ತೀರಿದ ಮೇಲೆ ಮಾಡುವುದು

ಒಮ್ಮೆ ಹೇಳಿ ಮುಗಿಯುವ ಮಾತಲ್ಲ ಇದು. ನಾವು ತಿಂಗಳ ಮೊದಲ ಭಾನುವಾರ ತಿಂಡಿಯಾದ ಮೇಲೆ ಅರ್ಧ ಗಂಟೆ ನೋಟ್‌ಬುಕ್ ತೆಗೆಯುತ್ತೇವೆ. ಎಷ್ಟು ಹೋಯಿತು, ಎಷ್ಟು ಉಳಿಯಿತು, ಬರುವ ತಿಂಗಳು ಮೈಲುತುತ್ತ, ಸುಣ್ಣಕ್ಕೆ ಎಷ್ಟು ಬೇಕು, ಅಡಿಕೆ ಕೊಯ್ಯುವ ಕೊನೆಗಾರರಿಗೆ ಎಷ್ಟು. ಹೊಸ ಸಾಲವನ್ನು ಇಬ್ಬರೂ ಒಪ್ಪದೆ ಮಾಡುವಂತಿಲ್ಲ ಎಂದು ಮೊದಲ ಪುಟದಲ್ಲೇ ಬರೆದಿದ್ದೇವೆ. ಬಳೆ, ನೆಕ್ಲೆಸ್ ಬ್ಯಾಂಕಿಗೆ ಹೋಗಿ ಕೈಸಾಲ ತೀರಿತು. ಸರವನ್ನು ಬಿಡಿಸಿದ್ದೇವೆ. ಬಳೆ ಇನ್ನೂ ಬ್ಯಾಂಕಿನಲ್ಲಿವೆ, ಎರಡು ಕೊಯ್ಲು ಬೇಕು.

ಒಂದೊಂದು ಸಾಲ ತೀರಿದಾಗಲೂ ಕಾಗದ ವಾಪಸ್ ತನ್ನಿ. ಖಾಲಿ ಚೆಕ್ಕು, ಆನ್ ಡಿಮ್ಯಾಂಡ್ ನೋಟು, ಛಾಪಾ ಕಾಗದ ಕೈಗೆ ಬರುವವರೆಗೆ ಕೊನೆಯ ಕಂತು ಕೊಡಬೇಡಿ. ಬ್ಯಾಂಕಿನಿಂದ, ಸೊಸೈಟಿಯಿಂದ ಬಾಕಿ ಏನೂ ಇಲ್ಲ ಎನ್ನುವ ಬೇಬಾಕಿ ಪತ್ರ ಬರೆಸಿಕೊಳ್ಳಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಆಸ್ತಿಪತ್ರ ಹಿಂತಿರುಗಿಸಬೇಕು. ಬ್ಯಾಂಕಿನದೇ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಇದೆ. ಆಮೇಲೆ ಬೇಬಾಕಿ ಪತ್ರ ಕೊಟ್ಟು ಪಹಣಿಯಿಂದ ಋಣ ತೆಗೆಸಿ. ಇದನ್ನು ಮರೆತು ಹತ್ತು ವರ್ಷದ ಹಿಂದಿನ ಸಾಲ ಹಾಗೇ ಕೂತಿರುವ ಪಹಣಿಗಳು ಎಷ್ಟೋ ಇವೆ. ಹೊಸ ಪ್ರತಿ ತೆಗೆಸಿಕೊಂಡು, 11ನೇ ಕಾಲಂ ಖಾಲಿ ಇದೆಯೇ ಎಂದು ಇಬ್ಬರೂ ಒಟ್ಟಿಗೆ ನೋಡಿ.